ಸವೆಯದ ಪ್ಯಾಡ್

ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯ ವಾಸನೆ ಮೂಗಿಗೆ ಅಡರುತ್ತಿದೆ, ಬೋಲ್ಟು ತಿರುಗುತ್ತಿಲ್ಲ, ಅಂಗಳದ ಬಿಸಿಲು ಬೆನ್ನ ಮೇಲೆಯೇ ಕೂತಿದೆ, ಒಳಗಿನಿಂದ ಗಂಡ ದುಂಡೇಶನ ದನಿ, ಸಾರಿಕಾ, ಬಿಚ್ಚಿದೇನ, ಬಿಚ್ಚಾಕತ್ತೇನ್ರಿ, ಎಷ್ಟು ಸಲ ಕೇಳುತ್ತಾರೆ, ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಮಲಗಿದವರಿಗೆ ಬೇರೆ ಕೆಲಸವೇನು — ಕಾಲುವೆಯ ತಿರುವಿನಲ್ಲಿ ಬೈಕು ಬಿದ್ದ ದಿನದಿಂದ ನೋಡಲು ಬಂದವರಿಗೆಲ್ಲ ಒಂದೇ ಮಾತು, ಪ್ಯಾಡ್ ಪೂರಾ ಸವದಿದ್ವು, ಬ್ರೇಕ್ ಹತ್ತಲಿಲ್ಲ, ಅತ್ತೆ ಅಕ್ಕುತಾಯಿ ಅದನ್ನೇ ಓಣಿಗೆಲ್ಲ ಹೇಳಿದರು, ನಾನೂ ಹೇಳಿದೆ, ಮೊಣಕೈಯ ಹೊಲಿಗೆ ತೋರಿಸುತ್ತ. ಹಾಂ, ತಿರುಗಿತು. ಅಥಣಿಯಿಂದ ತರಿಸಿದ ಹೊಸ ಜೋಡಿ ಗೋಣಿಚೀಲದ ಮೇಲಿದೆ, ಮೊಬೈಲಿನಲ್ಲಿ ನೋಡಿದಂತೆ ಪಿನ್ನು ಎಳೆದೆ, ಹಳೆಯವು ಅಂಗೈಗೆ ಬಿದ್ದವು, ಒರೆಸಿದೆ, ಮತ್ತೆ ಒರೆಸಿದೆ — ಇವು ಸವೆದೇ ಇಲ್ಲ. ಹೊಸದರ ಪಕ್ಕ ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ದಪ್ಪ, ಬಿಚ್ಚುವ ಮುಂಚೆ ಚಕ್ರ ತಿರುಗಿಸಿ ಲಿವರ್ ಒತ್ತಿದಾಗ ಗಕ್ಕನೆ ನಿಂತಿತ್ತಲ್ಲ, ಹಾಗಾದರೆ ಅವತ್ತು, ಮಂಗಸೂಳಿ ಮಲ್ಲಯ್ಯನ ಗುಡಿಯಿಂದ ಬರುವಾಗ, ಹಿಂದೆ ಕೂತು ನಾನು ಅಂದಿದ್ದೆ, ದ್ರಾಕ್ಷಿ ಶೆಡ್ಡಿನ ಕೆಲಸ ಬಿಡಂಗಿಲ್ರಿ, ಇನ್ನೊಮ್ಮೆ ಕೈ ಎತ್ತಿದ್ರ ತವರಿಗೆ ಹೊಕ್ಕೇನಿ, ತಿರುಗಿ ಬರಂಗಿಲ್ಲ, ಅವರ ಬೆನ್ನು ಬಿಗಿಯಾಯಿತು, ಗಾಡಿ ಜೋರಾಯಿತು, ಎದುರಿಗೆ ಕಾಲುವೆಯ ತಿರುವು, ರೀ ಹಳೂಕ, ರೀ ಬ್ರೇಕ್ ಹಿಡೀರಿ, ಚೀರಿದ್ದೆ, ಅವರ ಭುಜದ ಮೇಲಿಂದ ಬಗ್ಗಿ ನೋಡಿದ್ದೆ — ಬೇಡ, ಗಾಬರಿಯಲ್ಲಿ ಕಂಡದ್ದನ್ನು ನಂಬುವುದು ಹೇಗೆ.

ಸವದಾವ ಹೌದಲ್ಲ, ಒಳಗಿನಿಂದ ಮತ್ತೆ ಅವರೇ, ಹೂಂರಿ, ಪೂರಾ ಸವದಾವ, ಯಾಕೆ ಹಾಗಂದೆ, ನಾ ಅಂದಿದ್ದಿಲ್ಲೇನ, ಅವರ ದನಿ ಹಗುರಾಯಿತು, ನಗುತ್ತಿದ್ದಾರೆ ಕೂಡ, ಹೊಸಾವ ಹಾಕು, ಈ ಪಟ್ಟಿ ಬಿಚ್ಚಿದ ಮ್ಯಾಲ ನಾನೇ ಓಡಸ್ತೇನಿ, ನೀ ಹಿಂದ ಕುಂದ್ರು. ಹಿಂದೆ ಕೂರಬೇಕು, ಮತ್ತೆ ಆ ಬೆನ್ನಿಗೆ ಅಂಟಿಕೊಂಡು. ಹಾಕುತ್ತೇನೆ, ಬೋಲ್ಟು ಬಿಗಿಯುತ್ತೇನೆ, ಮೆತ್ತಗಾದ ಲಿವರನ್ನು ಒತ್ತಿ ಒತ್ತಿ ಗಟ್ಟಿ ಮಾಡುತ್ತೇನೆ, ಕೈ ತೊಳೆಯುವಷ್ಟೂ ತಾಳ್ಮೆಯಿಲ್ಲ, ಗಾಡಿ ಶುರುವಾಯಿತು, ಎಲ್ಲಿ ಹೊಂಟಿ ಬೇ, ಬಾಗಿಲಲ್ಲಿ ಅಕ್ಕುತಾಯಿ, ಭೋಜಿಗ್ರಿ ಅತ್ತಿ, ತವರಿಗೆ, ಅವ್ವನ ಕಡೆ, ಹಿಂಗ ಒಮ್ಮಿಂದೊಮ್ಮೆಲೆ, ಹೂಂರಿ ಒಮ್ಮಿಂದೊಮ್ಮೆಲೆ, ನಮ್ಮೂರು ಅನಂತಪುರ ಹಿಂದಾಯಿತು, ಎರಡೂ ಕಡೆ ಕಬ್ಬು, ಬಿಸಿಗಾಳಿ, ಅದೇ ತಿರುವು, ಮೆಲ್ಲಗೆ ಒತ್ತಿದರೆ ಸಾಕು, ಗಾಡಿ ನಿಲ್ಲುತ್ತದೆ, ನೀರಿಗಿಂತ ಎಷ್ಟೋ ಈಚೆಗೆ, ನಿಂತೇ ಬಿಟ್ಟಿದೆ, ಕಂಡದ್ದು ನಿಜ, ಅವನ ಬಲಗೈ, ರೇಸ್ ಹಿಡಿಕೆಯನ್ನು ಬಿಗಿಯಾಗಿ ಸುತ್ತಿಕೊಂಡ ನಾಲ್ಕು ಬೆರಳು, ಅವುಗಳ ಮುಂದೆ ಬೇರೆಯಾಗಿ ಹೊಳೆಯುತ್ತಿದ್ದ ಬ್ರೇಕ್ ಲಿವರ್, ನಾನು ಚೀರುತ್ತಿದ್ದೇನೆ, ನಾಲ್ಕು ಬೆರಳು, ಒಂದೂ ಬ್ರೇಕಿನತ್ತ ಚಾಚಿಕೊಳ್ಳುವುದಿಲ್ಲ, ಬಿಗಿಯಾಗಿ ಸುತ್ತಿಕೊಂಡ ನಾಲ್ಕು ಬೆರಳು