ಗಂಟೆಯವಳು ಬಂದಳು, ಸರೀರಿ

“ಇನ್ನೂ ಬಗ್ಗೇ, ಒನಕೆ ನುಂಗಿದೀಯೇನೇ? ಬಗ್ಗಿದ್ರೆ ಸೊಂಟದ ಚಿನ್ನವೇನೂ ಉದುರಲ್ಲ.”

ಚೌಕದ ನಡುವೆ ಮೈಕು ಹಿಡಿದು ಹೀಗೆ ಪಾಠ ಹೇಳುತ್ತಿದ್ದವನು ಪ್ರವಾಸಿಗರಿಗೆ ಊರು ತೋರಿಸುವ ಗೈಡು. ಬಗ್ಗುತ್ತಿದ್ದವಳು ಅದೇ ಚೌಕದ ಸಾರ್ವಜನಿಕ ಕಕ್ಕಸು ತೊಳೆಯುವ ಹೆಂಗಸು, ಊರಿಗೆಲ್ಲ ಪೊರಕೆಯಕ್ಕ. ತಲೆಯ ಮೇಲೆ ತಗಡಿನ ಬಕೆಟ್ಟು, ಸೊಂಟದಲ್ಲಿ ಹಿತ್ತಾಳೆ ಗಂಟೆ, ಮೈಮೇಲೆ ಚಿಂದಿ ಬಟ್ಟೆ. ಅವಳ ಸ್ವಂತದ ಚಿಂದಿ ಚೆನ್ನಾಗಿ ಕಾಣುವುದಿಲ್ಲವೆಂದು ಹೊಸ ಬಟ್ಟೆ ತಂದು, ದರ್ಜಿಯನ್ನು ಕೂರಿಸಿ, ಅಂದವಾಗಿ ಹರಿದು ಚಿಂದಿ ಮಾಡಿಸಿದ್ದರು.

“ಬಗ್ಗಿದ್ರೆ ಬಕೆಟ್ಟು ಬೀಳುತ್ತೆ ಸ್ವಾಮಿ.”

“ಬಿದ್ರೆ ಬೀಳಲಿ, ಖಾಲಿ ತಾನೆ? ನಿಮ್ಮತ್ತೆ ತುಂಬಿದ್ದನ್ನೇ ಬೀಳಿಸ್ತಿರಲಿಲ್ವಂತೆ. ನಿಂದೊಳ್ಳೆ ಗೋಳು.”

ಚೌಕದ ಮೂಲೆಯ ದೊಡ್ಡಮನೆ ಚಿಕ್ಕಧಣಿಯದು. ಅವನ ತಾತ ಊರನ್ನು ಆಳಿದ, ಅಪ್ಪ ಊರನ್ನು ಮಾರಿದ, ಇವನ ಪಾಲಿಗೆ ಉಳಿದದ್ದು ಊರಿನ ಕಥೆ. ಅದನ್ನೂ ಸುಮ್ಮನೆ ಬಿಡುವ ಪೈಕಿ ಅವನಲ್ಲ. ‘ಚೌಕದ ಬಣ್ಣಬಣ್ಣದ ಇತಿಹಾಸ, ನಡೆದು ನೋಡಿ’ ಎಂದು ಬೋರ್ಡು ಬರೆಸಿದ. ಕಕ್ಕಸಿನ ಗುತ್ತಿಗೆಯೂ ಅವನದೇ ಆದ್ದರಿಂದ ಪೊರಕೆಯಕ್ಕನೂ ಅವನವಳೇ. ತಾನೇ ಅವಳ ಬಾಗಿಲಿಗೆ ಬಂದು ಬಹಳ ಮರ್ಯಾದೆಯಿಂದ ಕೇಳಿದ್ದ.

“ನೀನು ಬಂದ್ರೆ ಇತಿಹಾಸಕ್ಕೆ ಜೀವ ಬರುತ್ತಮ್ಮ. ಬರದಿದ್ರೆ ಕಕ್ಕಸಿಗೆ ಬೇರೆಯವರನ್ನ ನೋಡ್ಕೋತೀನಿ. ಹಿಂದಿನ ಕೋಣೆ ಖಾಲಿ ಮಾಡಿದ್ರಾಯ್ತು. ಬಲವಂತ ಏನಿಲ್ಲ.”

ಕಕ್ಕಸಿನ ಹಿಂದಿನ ಆ ಒಂದು ಕೋಣೆಯಲ್ಲೇ ಅವಳೂ, ಕಣ್ಣು ಕಾಣದ ಅತ್ತೆಯೂ ಇದ್ದದ್ದು. ಬಲವಂತವಿಲ್ಲದೆ ಅವಳು ಒಪ್ಪಿದಳು.

ಬಿಸಿಲೇರುವ ಹೊತ್ತಿಗೆ ಪ್ರವಾಸಿಗರು ಬಂದರು. ಗೈಡು ಮೊದಲು ಕಲ್ಲುಕಂಬದ ಹತ್ತಿರ ನಿಂತ.

“ಧಣಿಗಳಿಗೆ ಎದುರು ಮಾತಾಡಿದವರನ್ನ ಇಲ್ಲಿ ಕಟ್ಟಿ ಬಿಸಿಲು ಕಾಯಿಸ್ತಿದ್ರು. ನೀವು ಬಿಸಿಲು ಕಾಯಿಸ್ಕೊಳ್ಳೋಕೆ ಖರ್ಚು ಮಾಡ್ಕೊಂಡು ಸಮುದ್ರಕ್ಕೆ ಹೋಗ್ತೀರಿ. ಅವರಿಗೆ ಪುಕ್ಕಟೆ ನೋಡಿ.”

ಎಲ್ಲರೂ ನಕ್ಕರು. ಹೊಸದಾಗಿ ಮದುವೆಯಾದ ಒಬ್ಬ ಕೈಗೆ ಕರವಸ್ತ್ರ ಕಟ್ಟಿಸಿಕೊಂಡು, ಕಂಬಕ್ಕೊರಗಿ, ನಾಲಿಗೆ ಹೊರಗೆ ಹಾಕಿ ಫೋಟೋ ತೆಗೆಸಿಕೊಂಡ. ಆಮೇಲೆ ಪೊರಕೆಯಕ್ಕನ ಸರದಿ.

“ಹಿಂದಿನ ಕಾಲದಲ್ಲಿ ಮಲ ಹೊರುವವಳು ಬಂದ್ರೆ ಗಂಟೆ ಕೇಳಿದ ಕೂಡಲೇ ಊರೇ ಸರಿದು ನಿಲ್ತಿತ್ತು. ಮಹಾರಾಜರಿಗೂ ಇಷ್ಟು ದಾರಿ ಬಿಡ್ತಿರಲಿಲ್ಲ. ಈಗ ನೀವೂ ಆಡಿ ನೋಡಿ. ಅವಳ ಮೈ ತಗುಲಿದವರು ಔಟ್.”

“ಸರೀರಿ, ಬರ್ತಿದೀನಿ, ಸರೀರಿ,” ಎಂದು ಕೂಗುತ್ತ ಅವಳು ನಡೆದಳು. ಜನ ಕಿಸಿಕಿಸಿ ನಗುತ್ತ ಆಚೀಚೆ ಹಾರಿದರು. ಟೋಪಿಯ ಹೆಂಗಸೊಬ್ಬಳಿಗೆ ಸೆರಗು ಸೋಕಿತು. ಔಟಾದವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಚೀಲದಿಂದ ಘಮಘಮಿಸುವ ದ್ರವ ತೆಗೆದು ಕೈಗೆ ತಿಕ್ಕಿಕೊಂಡಳು. ಆಟ ಆಟವೇ, ಕೈ ಕೈಯೇ.

ಪೊರಕೆಯಕ್ಕ ದೊಡ್ಡಮನೆಯ ಹಿಂದಿನ ಓಣಿಗೆ ತಿರುಗಿ ಮರೆಯಾದಳು. ಅಲ್ಲಿಗೆ ಅವಳ ಪಾತ್ರ ಮುಗಿಯುತ್ತಿತ್ತು. ಹಿಂದೆ ಚಪ್ಪಾಳೆ ಕೇಳಿಸಿತು.

ಸಂಜೆ ದಣಿದು, ಗಂಟೆ ಬಿಚ್ಚುವುದನ್ನೂ ಮರೆತು ಕೋಣೆಗೆ ಹೋದಳು. ಮೂಲೆಯಲ್ಲಿ ಕೂತಿದ್ದ ಅತ್ತೆ ಸದ್ದು ಕೇಳಿ ದಡಬಡಿಸಿ ಎದ್ದಳು. ಒಂದು ಕೈ ಮೂಗಿಗೆ ಬಟ್ಟೆ ಒತ್ತಿತು. ಇನ್ನೊಂದು ತಲೆಯ ಮೇಲೆ ಇಲ್ಲದ ಬಕೆಟ್ಟನ್ನು ಹಿಡಿದುಕೊಂಡಿತು.

“ಹೊತ್ತಾಯ್ತೇನೇ? ದೊಡ್ಡಮನೆಯೋರು ಬಯ್ತಾರೆ ಕಣೇ.”

“ಅತ್ತೆ, ನಾನು. ಇದು ನಾಟಕದ ಗಂಟೆ.”

ಮುದುಕಿ ಕೈ ಇಳಿಸಲು ಸ್ವಲ್ಪ ಹೊತ್ತು ಹಿಡಿಯಿತು. “ನಾಟಕದಲ್ಲಿ ನಿಂದೇನು, ರಾಣಿ ಪಾರ್ಟಾ?”

“ನಿನ್ನ ಪಾರ್ಟು.”

“ಥೂ, ಬೋಳೀಮಕ್ಳಾ.” ಮುದುಕಿ ಗೋಡೆಗೊರಗಿ ಕುಸಿದಳು. “ಯಾವ ಬಾಗಿಲ ತನಕ ಹೋಗ್ತೀಯ?”

“ಹಿಂದಿನ ಓಣಿ ತನಕ.”

“ನಾನೂ ಅಷ್ಟೇ. ಆ ಮನೇಲಿ ಯಾರು ಏನು ತಿಂದ್ರು, ಯಾರಿಗೆ ಹೊಟ್ಟೆ ಕೆಟ್ಟಿದೆ, ಎಲ್ಲ ಗೊತ್ತಾಗ್ತಿತ್ತು. ಹೇಲು ಗೊತ್ತು ಕಣೇ, ಮುಖ ಮಾತ್ರ ಒಬ್ಬರದೂ ನೋಡಲಿಲ್ಲ.”

ಪೊರಕೆಯಕ್ಕ ಗಂಟೆ ಬಿಚ್ಚಿಟ್ಟಳು. ಒಲೆ ಹಚ್ಚಿದಳು, ಅತ್ತೆಗೆ ಉಣಿಸಿದಳು.

ಮರುದಿನ ಪ್ರವಾಸೋದ್ಯಮದ ಸಾಹೇಬರು ಪರಿವಾರ ಸಮೇತ ಬಂದಿದ್ದರು. ಚಿಕ್ಕಧಣಿ ಹಲ್ಲು ಬಿಟ್ಟವನು ಮುಚ್ಚಿರಲೇ ಇಲ್ಲ. ಗಂಟೆ ಸದ್ದು ಮಾಡಿತು, ಸಾಹೇಬರು ಮಗುವಿನಂತೆ ಪಕ್ಕಕ್ಕೆ ಹಾರಿದರು. ಓಣಿಯ ತಿರುವು ಬಂತು. ಪೊರಕೆಯಕ್ಕ ತಿರುಗಲಿಲ್ಲ.

“ಏಯ್, ಆ ಕಡೆ, ಆ ಕಡೆ,” ಎಂದು ಗೈಡು ಮೈಕಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ.

“ಸರೀರಿ, ಬರ್ತಿದೀನಿ.”

ಅವಳು ದೊಡ್ಡಮನೆಯ ಮೆಟ್ಟಿಲು ಹತ್ತಿದಳು. ಸಾಹೇಬರೇ ಸರಿದದ್ದನ್ನು ಕಂಡ ಕಾವಲುಗಾರ ತಾನೂ ಸರಿದ. ಒಳಗೆ ಹಜಾರದಲ್ಲಿ ತಾತನ ಕುರ್ಚಿಯ ಸುತ್ತ ಕೆಂಪು ಹಗ್ಗ ಕಟ್ಟಿತ್ತು. ಅವಳು ಬಕೆಟ್ಟನ್ನು ಜಮಖಾನದ ಮೇಲಿಟ್ಟು, ಹಗ್ಗವೆತ್ತಿ ನುಸುಳಿ, ಕುರ್ಚಿಯಲ್ಲಿ ಕೂತಳು.

“ಭೇಷ್,” ಎಂದರು ಹಿಂದೆಯೇ ಬಂದ ಸಾಹೇಬರು. “ಕೊನೆಗೆ ಇಂಥ ತಿರುವು ಇಡ್ತೀರಿ ಅಂತ ಗೊತ್ತೇ ಇರಲಿಲ್ಲ.”

“ನನಗೂ,” ಎಂದ ಚಿಕ್ಕಧಣಿ. ನಗು ಕೆಡದಂತೆ ಕುರ್ಚಿಯ ಬಳಿ ಬಂದು ಬಗ್ಗಿದ. ಈಗ ಅವನ ಸೊಂಟ ಚೆನ್ನಾಗಿ ಬಗ್ಗಿತ್ತು. “ಏಳೇ ಮುಂಡೆ. ಈ ಗಳಿಗೇಲೇ ನಿನ್ನ ಕೋಣೆಗೆ ಬೀಗ ಜಡಿಸ್ತೀನಿ.”

“ಜಡಿಸಿ. ಇಲ್ಲಿ ಜಾಗ ಬೇಕಾದಷ್ಟಿದೆ.”

ಅವನು ಅವಳ ರಟ್ಟೆಗೆ ಕೈ ಹಾಕಹೋದ. “ಮುಟ್ಟಿದ್ರೆ ಔಟ್ ಕಣ್ರೀ,” ಎಂದು ಸಾಹೇಬರು ನಕ್ಕರು. ಪರಿವಾರವೆಲ್ಲ ನಕ್ಕಿತು. ಚಿಕ್ಕಧಣಿಯ ಕೈ ಗಾಳಿಯಲ್ಲೇ ನಿಂತಿತು. ಅವನು ಕಾವಲುಗಾರನಿಗೆ ಕಣ್ಸನ್ನೆ ಮಾಡಿದ. ಕಾವಲುಗಾರ ಬೀಗ ಹಿಡಿದು ಹೊರಗೋಡಿದ. ಎಲ್ಲಿಗೆಂದು ಪೊರಕೆಯಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಸಾಹೇಬರ ಜೊತೆ ಬಂದಿದ್ದ ಫೋಟೋದವನು ಮುಂದೆ ಬಂದ.

“ಧಣಿ, ಒಂಚೂರು ಅತ್ತ ನಿಲ್ಲಿ,” ಎಂದಳು ಅವಳು. “ನಿಮ್ಮ ನೆರಳು ಮೈಮೇಲೆ ಬೀಳ್ತಿದೆ.”

ಚಿಕ್ಕಧಣಿ ಸರಿದ.

ಕಿಟಕಿಯಾಚೆ, ಕಕ್ಕಸಿನ ಹಿಂದಿನಿಂದ ಒಂದು ಚಾಪೆ ಹಾರಿ ಚೌಕಕ್ಕೆ ಬಿತ್ತು. ಒಂದು ಪಾತ್ರೆ ಉರುಳಿಬಂತು. ಹೊರಗೆ ಉಳಿದಿದ್ದ ಪ್ರವಾಸಿಗರು ಇದೂ ನಾಟಕಕ್ಕೆ ಸೇರಿದ್ದೇ ಇರಬೇಕೆಂದು ಅದಕ್ಕೂ ಫೋಟೋ ಹೊಡೆದರು. ಆಮೇಲೆ ಗೋಡೆ ತಡವುತ್ತ ಮುದುಕಿ ಹೊರಬಂದಳು. ಬಿಸಿಲಲ್ಲಿ ನಿಂತು, ಯಾವ ಕಡೆ ಹೋಗಬೇಕೆಂದು ತಿಳಿಯದೆ ಮುಖವನ್ನು ಅತ್ತಿತ್ತ ಹೊರಳಿಸಿದಳು.

ಕುರ್ಚಿಯಿಂದ ಏಳದೆ, ಹಜಾರ ಮೊಳಗುವಂತೆ ಪೊರಕೆಯಕ್ಕ ಕೂಗಿದಳು.

“ಅತ್ತೇ, ಇಲ್ಲಿ. ಮುಂಬಾಗಿಲಲ್ಲೇ ಬಾ. ಮೆಟ್ಟಿಲಿದೆ, ತಡವ್ಕೊಂಡು ಬಾ.”