ಗೋಡೆ ಮೇಲಿನ ಗಾಳಿ

“ಸಮುದ್ರ ಎಲ್ಲಾದ್ರೂ ನೇರಳೆ ಇರತ್ತೇನಮ್ಮಾ?” ಮೀನುಗಾರರ ಸಂಘದ ಅಧ್ಯಕ್ಷರು ಗೋಡೆಯತ್ತ ಕೈ ಚಾಚಿ ಕೇಳಿದರು. “ನಮ್ಮೂರನ್ನ ಬರಿ ಅಂದ್ರೆ ಮನೆಗಳೆಲ್ಲ ಕುಡಿದೋರ ಹಾಗೆ ವಾಲ್ಕೊಂಡಿವೆ! ಇವತ್ತಿನ ಹರಾಜು ಮುಗೀಲಿ, ಸುಣ್ಣ ಹೊಡೆಸ್ತೀನಿ.”

ಬಣ್ಣದಕ್ಕ ಕೈಯ ಬಣ್ಣವನ್ನು ಸೆರಗಿಗೆ ಒರೆಸಿಕೊಂಡಳು. ಮೂವತ್ತು ವರ್ಷ ದೋಣಿಗಳ ಹೊಟ್ಟೆಗೆ ಬಣ್ಣ ಬಳಿದು ಬದುಕಿದವಳು. ಚಿತ್ರ ಅಂತ ಬರೆದದ್ದು ಇದೊಂದೇ. ಮೀನಿನ ಹರಾಜು ಕಟ್ಟೆಯ ಇಡೀ ಗೋಡೆಗೆ ದೋಣಿಯ ಬಣ್ಣವನ್ನೇ ಕರಣೆಯಲ್ಲಿ ಮೆತ್ತಿ, ಹನ್ನೊಂದು ದಿನ ಮೈಮರೆತು ಬರೆದಿದ್ದಳು. ಇದು ಹೋದರೆ ಇನ್ನೊಂದು ಬರೆಯುವ ತ್ರಾಣ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

ಬುಟ್ಟಿ ಹೊತ್ತು ಬಂದ ಹೆಂಗಸರು ಅಧ್ಯಕ್ಷರ ಮುಖ ನೋಡಿ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ದೊಡ್ಡ ದೋಣಿಯ ಯಜಮಾನ ಮೀನಿನ ಪೆಟ್ಟಿಗೆ ಇಳಿಸಿ ಗೋಡೆಯ ಮುಂದೆ ನಿಂತ. ಊರೇ ಹೆದರುವ ಬಾಯಿ ಅವನದು. ಬಹಳ ಹೊತ್ತು ನೋಡಿದ.

“ಇದು ತೆಂಕಣ ಗಾಳಿ,” ಎಂದ. “ಹೋದ ವರ್ಷದ್ದು. ಅವತ್ತು ನೀರು ಹೀಗೇ ಇತ್ತು, ಥೇಟ್ ಹೀಗೇ.” ಮರುಕ್ಷಣ ಸಿಡಿದ: “ಏ ಅಕ್ಕಾ! ನನ್ನ ದೋಣಿಗೆ ಒಂದೇ ಹಗ್ಗ ಬರೆದಿದ್ದೀಯಲ್ಲ! ಈ ಗಾಳಿಗೆ ನಿಲ್ಲತ್ತಾ?”

“ನಿಲ್ಲಲಿಲ್ವಲ್ಲ. ನೀನು ಕಟ್ಟಿದ್ದೇ ಒಂದು. ಆಗ ನಾನು ಪಕ್ಕದ ದೋಣಿಗೆ ಬಣ್ಣ ಬಳೀತಿದ್ದೆ, ನೋಡಿದೀನಿ.”

ಹೆಂಗಸರೆಲ್ಲ ಅವನತ್ತ ತಿರುಗಿದರು. ಆ ಗಾಳಿಗೆ ಅವನ ದೋಣಿ ಕೊಚ್ಚಿಹೋಗಿ ಬಂಡೆಗೆ ಬಡಿದಿತ್ತು. ತಾನು ಎರಡು ಹಗ್ಗ ಕಟ್ಟಿದ್ದೆ, ಒಂದನ್ನು ತಮ್ಮ ಬಿಚ್ಚಿದ ಎಂದು ದೂರಿ, ತಮ್ಮನ ಜೊತೆ ಮಾತೇ ಬಿಟ್ಟಿದ್ದ.

“ಇಂಥದ್ದಕ್ಕೇ ಸುಣ್ಣ ಹೊಡೆಸ್ತೀನಿ ಅಂದಿದ್ದು!” ಅಧ್ಯಕ್ಷರಿಗೆ ಖುಷಿಯೋ ಖುಷಿ.

ಯಜಮಾನ ಕತ್ತು ತುರಿಸಿಕೊಂಡ. “ಸುಣ್ಣ ಹೊಡೆದ್ರೆ ಎರಡು ಹಗ್ಗ ಆಗತ್ತಾ ಸ್ವಾಮಿ? ಕಟ್ಟಿದ್ದು ಒಂದೇ. ಸೋಮಾರಿತನ ನಂದು. ತಮ್ಮ ಪಾಪ, ಮುಟ್ಟೇ ಇಲ್ಲ.” ಅಧ್ಯಕ್ಷರತ್ತ ಬೆರಳು ತೋರಿಸಿದ. “ಈ ಗೋಡೆಗೆ ಯಾರಾದ್ರೂ ಕೈ ಹಚ್ಚಿದ್ರೆ ನೋಡಿ, ನನ್ನ ಮೀನು ಈ ಕಟ್ಟೆ ಹತ್ತಲ್ಲ!”

ಹೆಂಗಸರ ಬಾಯಿ ಆಗ ಬಿಚ್ಚಿತು. “ಅಯ್ಯೋ, ಅದು ನನ್ನ ಬಾಗಿಲೇ!” “ನನ್ನ ಸೀರೆ ಹಾರ್ತಿರೋದು ನೋಡೇ!”

“ನಮ್ಮನೆ ಎಲ್ಲಿ?” ಅಧ್ಯಕ್ಷರೂ ಮೆಲ್ಲಗೆ ಮುಂದೆ ನುಗ್ಗಿದರು.

ಗೆದ್ದೆ, ಗೆದ್ದೆ ಎಂದು ಕೂಗಿಬಿಡಬೇಕೆನಿಸಿತು ಬಣ್ಣದಕ್ಕನಿಗೆ. ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು.

ಹರಾಜಿನವನು ಗಂಟೆ ಬಾರಿಸಿದ. ಮತ್ತೆ ಬಾರಿಸಿದ. ಬುಟ್ಟಿಗಳಿಂದ ಮಂಜುಗಡ್ಡೆಯ ನೀರು ಸೋರುತ್ತಿತ್ತು. ಎಲ್ಲರೂ ಅವನಿಗೆ ಬೆನ್ನು ಹಾಕಿ ಗೋಡೆಯನ್ನೇ ನೋಡುತ್ತ ನಿಂತಿದ್ದರು.