ಅರಣ್ಯದ ಪಾಠ ಹೇಳುತ್ತಿದ್ದವರು

ಪ್ರೇಮಕುಮಾರಿಯ ಕೆಲಸ ಮಾರ್ಚಿನಲ್ಲಿ ಹೋಯಿತು. ಜರ್ಮನಿಯ ಸಿಂಡೆಲ್‌ಫಿಂಗೆನ್ನಿನ ಸಣ್ಣದೊಂದು ಕಂಪನಿಯಲ್ಲಿ ಅವಳು ಕಾರಿನ ಬ್ರೇಕು ಪರೀಕ್ಷಿಸುವ ಇಂಜಿನಿಯರ್ ಆಗಿದ್ದಳು. ಕಂಪನಿಯೇ ಮುಚ್ಚಿತು. ಆರು ತಿಂಗಳಲ್ಲಿ ಬೇರೆ ಕೆಲಸ ಹಿಡಿಯದಿದ್ದರೆ ದೇಶ ಬಿಡಬೇಕೆಂದು ವೀಸಾ ಕಚೇರಿಯಿಂದ ಕಾಗದ ಬಂತು. ಕೊನೆಯಲ್ಲಿ ‘ಸ್ನೇಹಪೂರ್ವಕ ವಂದನೆಗಳೊಂದಿಗೆ’ ಎಂದು ಬರೆದಿತ್ತು.

ಶನಿವಾರದ ಕನ್ನಡ ಪ್ರಾರ್ಥನಾ ಕೂಟದಲ್ಲಿ ಅವಳು ಸುದ್ದಿ ಹೇಳಿದಾಗ ಗಿರಿಧರಣ್ಣ ಕಣ್ಣು ಮುಚ್ಚಿ ತಲೆಯಾಡಿಸಿದರು.

“ಇದು ನಿನ್ನ ಅರಣ್ಯದ ಕಾಲ, ಪ್ರೇಮಾ. ದೇವರು ತನ್ನ ಮಂದಿನ್ನ ಅರಣ್ಯದಾಗ ನಡಸಿನ ಕಲಸ್ತಾನ.”

ಗಿರಿಧರಣ್ಣ ಧಾರವಾಡದವರು, ಮೂವತ್ತು ವರ್ಷದಿಂದ ಜರ್ಮನಿಯಲ್ಲಿದ್ದವರು, ಕೂಟ ನಡೆಸುವವರು. ಯಾರಿಗೆ ಏನೇ ಆಗಲಿ, ಅವರಿಗೆ ಅದು ಬೈಬಲಿನ ಇಸ್ರಾಯೇಲರು ಐಗುಪ್ತ ಬಿಟ್ಟು ನಲವತ್ತು ವರ್ಷ ಅಲೆದ ಅರಣ್ಯ. ಕೂಟದ ಅನೂಪನ ಮಗಳು ಕಾಲು ಮುರಿದುಕೊಂಡಾಗ ಅರಣ್ಯ. ನಿಶ್ಚಿತಾಳಿಗೆ ಮನೆ ಸಿಗದಿದ್ದಾಗಲೂ ಅರಣ್ಯ. ನಿಶ್ಚಿತಾಳಿಗೆ ಆಮೇಲೆ ಮನೆ ಸಿಕ್ಕಿತು, ಲಿಫ್ಟಿಲ್ಲದ ನಾಲ್ಕನೇ ಮಹಡಿಯಲ್ಲಿ. ಅಷ್ಟು ಸಲೀಸಾಗಿ ಬಾಯಿಗೆ ಬರುವ ಆ ಮಾತು ಕೇಳಿದರೆ ಪ್ರೇಮಕುಮಾರಿಗೆ ಈಗೀಗ ಮೈ ಉರಿಯುತ್ತಿತ್ತು.

ಮೇ ತಿಂಗಳಲ್ಲಿ ಗಿರಿಧರಣ್ಣ ಒಂದು ಕೂಟವನ್ನು ನಿಜವಾದ ಕಾಡಿನಲ್ಲೇ ಮಾಡೋಣ ಎಂದರು. ಎಂಟು ಜನ ಒಪ್ಪಿದ್ದರು. ಆ ದಿನ ಅನೂಪನ ಮನೆಗೆ ಇಂಟರ್ನೆಟ್ ರಿಪೇರಿಯವರು ಎಂಟರಿಂದ ನಾಲ್ಕರೊಳಗೆ ಯಾವಾಗಲಾದರೂ ಬರುವವರಿದ್ದರು. ಉಳಿದವರಿಗೆ ಮೋಡ ಕಂಡಿತು. ಬಂದವಳು ಪ್ರೇಮಕುಮಾರಿ ಒಬ್ಬಳೇ. ಅವಳಿಗೆ ಬೇರೆ ಕೆಲಸವಿರಲಿಲ್ಲ. ಫೋನ್ ಮನೆಯಲ್ಲೇ ಬಿಟ್ಟು ಬರಬೇಕೆಂಬ ನಿಯಮವಿತ್ತು. ಇಸ್ರಾಯೇಲರ ಹತ್ತಿರ ಇರಲಿಲ್ಲವಂತೆ.

ಎರಡು ತಾಸು ನಡೆದ ಮೇಲೆ ಪ್ರೇಮಕುಮಾರಿ ನಿಂತಳು.

“ಈ ಕಟ್ಟಿಗಿ ರಾಶಿ ಮೂರನೇ ಸಲ ನೋಡಾಕತ್ತೀವ್ರಿ, ಅಣ್ಣಾರ.”

“ಬ್ಯಾರೇದು ಇರಬೇಕು.”

“ಕೆಂಪು ಬಣ್ಣದಾಗ ನಲವತ್ತೇಳು ಅಂತ ಬರದೈತ್ರಿ. ಮೂರೂ ಸಲ ಹಂಗ ಬರದಿತ್ತು.”

ಗಿರಿಧರಣ್ಣ ರಾಶಿಯ ಮೇಲೆ ಕುಳಿತರು.

“ನಿಮ್ಮ ವೈನಿ ತೀರಿಕೊಂಡು ಎರಡು ವರ್ಷಾತು,” ಎಂದರು ಹೆಂಡತಿಯನ್ನು ನೆನೆದು. “ಅವತ್ತಿಂದ ಪ್ರಾರ್ಥನಿಗೆ ಕುಂತ್ರ ಆ ಕಡೆ ಯಾರೂ ಇದ್ದಂಗ ಅನಸವಲ್ದು.”

ಎರಡು ತಿಂಗಳಿಂದ ಸಾಕಿಕೊಂಡಿದ್ದ ಸಿಟ್ಟನ್ನು ಎಲ್ಲಿಡಬೇಕೆಂದು ಪ್ರೇಮಕುಮಾರಿಗೆ ತಿಳಿಯಲಿಲ್ಲ.

“ಮತ್ತ ವಾರಾ ವಾರಾ ನಮಗ ಹೇಳ್ತೀರಲ್ರಿ?”

“ನನಗೂ ಕೇಳಸ್ಲಿ ಅಂತ ಹೇಳ್ತೀನಿ.”

“ಕೇಳಿಸ್ತೇನ್ರಿ?”

“ಇನ್ನೂ ಇಲ್ಲ.”

“ಬಿಟ್ಟುಬಿಡಬೇಕು ಅನಸಿಲ್ಲ?”

“ಬಿಟ್ಟು ಎಲ್ಲಿಗೆ ಹೋಗ್ಲಿ? ಐಗುಪ್ತಕ್ಕ?”

ಅವಳಿಗೆ ನಗು ಬಂತು. ಅವರೂ ನಕ್ಕು, ಕನ್ನಡಕ ತೆಗೆದು ಒರೆಸಿಕೊಂಡರು.

ಪ್ರೇಮಕುಮಾರಿ ಬಗ್ಗಿ ನೆಲದ ಮೇಲಿನ ಗಾಲಿಯ ಗುರುತುಗಳನ್ನು ನೋಡಿದಳು. ಮರ ಸಾಗಿಸುವ ಲಾರಿ ಖಾಲಿ ಬಂದು ತುಂಬಿ ಹೋಗುತ್ತದೆ. ಆಳವಾಗಿ ಕೂತ ಗಾಲಿಯ ಗುರುತು ಹೊರಗೆ ಹೋದದ್ದು. ಬ್ರೇಕಿನ ಕೆಲಸದಲ್ಲಿ ಭಾರದ ಲೆಕ್ಕ ಅವಳಿಗೆ ಅಭ್ಯಾಸವಾಗಿತ್ತು.

“ಏಳ್ರಿ. ಈ ಕಡೆ.”

ಮುಕ್ಕಾಲು ತಾಸಿಗೆ ಒಂದು ಹಳ್ಳಿ ಬಂತು, ಅವರು ಹೊರಟಿದ್ದ ಹಳ್ಳಿಯಲ್ಲ. ಬಸ್ಸಿಗೆ ಇನ್ನೂ ಐವತ್ತು ನಿಮಿಷವಿತ್ತು. ನಿಲ್ದಾಣದ ಬೆಂಚಿನ ಮೇಲೆ ಜರ್ಮನ್ ಅಜ್ಜಿಯೊಬ್ಬಳು ಕೂತಿದ್ದಳು.

“ಇವತ್ತ ನೀನ ಪ್ರಾರ್ಥನಿ ಮಾಡು,” ಎಂದರು ಗಿರಿಧರಣ್ಣ.

“ಸ್ವಾಮಿ, ಇವತ್ತಿಂದು ಇವತ್ತಿಗೆ ಸಾಕಾತು. ನಾಳೆದು ನಾಳೆ ಕೇಳ್ತೀವಿ. ಅಣ್ಣಾರ ಜೋಡಿ ಒಂಚೂರು ಮಾತಾಡು. ಆಮೆನ್.”

“ಆಮೆನ್,” ಎಂದಳು ಭಾಷೆ ಬಾರದ ಅಜ್ಜಿ.

ಮುಂದಿನ ಶನಿವಾರ ಗಿರಿಧರಣ್ಣ ಕಾಡಿನಲ್ಲಿ ಹೇಳಿದ್ದನ್ನೇ ಕೂಟದ ಮುಂದೆ ಹೇಳಿದರು. ಏನಾದರೂ ಹೇಳಬೇಕೆನಿಸಿ ಅನೂಪ ಕಿಟಕಿ ತೆರೆಯಲೇ ಎಂದು ಕೇಳಿದ. ನಿಶ್ಚಿತಾ ಮಾತ್ರ ಎದ್ದು ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತಳು.

ಜುಲೈ ಕೊನೆಗೆ ಪ್ರೇಮಕುಮಾರಿಗೆ ಎಷ್‌ಬಾರ್ನ್ ಎಂಬ ದೂರದ ಊರಿನಲ್ಲಿ ಕೆಲಸ ಸಿಕ್ಕಿತು. ಶನಿವಾರ ರೈಲು ಹಿಡಿದು ಬರುತ್ತಾಳೆ. ರೈಲು ತಡವಾದರೆ ಕೂಟವೂ ತಡ, ಏಕೆಂದರೆ ಅದನ್ನೀಗ ನಡೆಸುವವಳು ಅವಳೇ. ಗಿರಿಧರಣ್ಣ ಚಹಾ ಮಾಡುತ್ತಾರೆ. ಸಕ್ಕರೆ ಜಾಸ್ತಿ ಹಾಕುತ್ತಾರೆ, ಎಲ್ಲರೂ ಕುಡಿಯುತ್ತಾರೆ.